ದಾಳಕ್ಕೆ ಸಿಕ್ಕಿದ್ದು, ಸಿಗದೆ ಉಳಿದದ್ದು

ನಾನು ವಿಮರ್ಶಕನಲ್ಲ, ಬ್ಯಾಂಕಿನ ಗುಮಾಸ್ತ. ಬಿ.ಎ. ತರಗತಿಯಲ್ಲಿ ಕಲಿತ ಕಾವ್ಯಮೀಮಾಂಸೆಯಲ್ಲಿ ಈಗ ನೆನಪಿರುವುದು ಅಷ್ಟಕ್ಕಷ್ಟೆ. ಆದರೆ ಒಂದು ಬಗೆಯ ಪುಸ್ತಕಗಳನ್ನು ಕಾಲೇಜು ದಿನಗಳಿಂದ ಇಂದಿನವರೆಗೂ ಬಿಡದೆ ಓದುತ್ತ ಬಂದಿದ್ದೇನೆ. ಅವು ವೈಜ್ಞಾನಿಕ ಕಾದಂಬರಿಗಳು. ನಮ್ಮ ಮನೆಯಲ್ಲಿ ಅವಕ್ಕೆ 'ರಾಕೆಟ್ ಪುಸ್ತಕ' ಎಂದು ಹೆಸರು. ಮಳೆಗಾಲದಲ್ಲಿ ಗೆದ್ದಲು ಹಿಡಿದರೆ ಮೊದಲು ಹೊರಗೆ ಹೋಗಬೇಕಾದದ್ದು ಅವೇ ಎಂದು ಅಮ್ಮನ ತೀರ್ಮಾನ. ಹೀಗಿರುವಾಗ ಅವುಗಳ ಬಗ್ಗೆ ಗಂಭೀರವಾಗಿ ನಾಲ್ಕು ಮಾತು ಬರೆಯಲು ಈ ವಾರ್ಷಿಕವಲ್ಲದೆ ನನಗೆ ಬೇರೆ ಜಾಗವಿಲ್ಲ.

ಮಂಗಳೂರಿನಲ್ಲಿ ಹಳೆಯ ಪುಸ್ತಕ ಮಾರುವವನೊಬ್ಬನ ರಾಶಿಯಲ್ಲಿ, ಮುಖಪುಟ ಅರ್ಧ ಹರಿದುಹೋಗಿದ್ದ ಒಂದು ಸಣ್ಣ ಇಂಗ್ಲಿಷ್ ಕಾದಂಬರಿ ನನಗೆ ಸಿಕ್ಕಿತ್ತು. ಬರೆದವನು ಇಂಗ್ಲೆಂಡಿನ ಇ. ಸಿ. ಟಬ್. 1967ರಲ್ಲಿ 'ದಿ ವಿಂಡ್ಸ್ ಆಫ್ ಗ್ಯಾತ್' ಎಂಬ ಕಾದಂಬರಿಯಿಂದ ಆರಂಭವಾಗಿ ಮೂವತ್ತಕ್ಕೂ ಹೆಚ್ಚು ಪುಸ್ತಕಗಳಿಗೆ ಬೆಳೆದ ಮಾಲೆಯದು. ಅದರ ನಾಯಕ ಡುಮರೆಸ್ಟ್. ಬಾಲ್ಯದಲ್ಲಿ ಹಡಗೊಂದರಲ್ಲಿ ಕದ್ದು ಕುಳಿತು ಭೂಮಿಯನ್ನು ಬಿಟ್ಟು ಬಂದವನು. ನಕ್ಷತ್ರಗಳ ನಡುವೆ ಅಲೆದು ದೊಡ್ಡವನಾದ ಮೇಲೆ ಊರಿಗೆ ಹಿಂದಿರುಗುವ ಆಸೆ. ಆದರೆ ಯಾವ ನಕ್ಷೆಯಲ್ಲೂ ಭೂಮಿ ಇಲ್ಲ. ಯಾರನ್ನು ಕೇಳಿದರೂ ನಗುತ್ತಾರೆ. ಭೂಮಿ ಎಂದರೆ ಕಾಲ ಕೆಳಗಿನ ಮಣ್ಣಲ್ಲವೆ, ಅದೂ ಒಂದು ಲೋಕದ ಹೆಸರೆ, ಎನ್ನುತ್ತಾರೆ.

ಸಾಹಿತ್ಯವೆಂದು ನೋಡಿದರೆ ಈ ಮಾಲೆಗೆ ದೋಷಗಳು ಬೇಕಾದಷ್ಟಿವೆ. ಪ್ರತಿ ಪುಸ್ತಕದಲ್ಲೂ ಒಂದು ಹೊಸ ಗ್ರಹ, ಒಂದು ಕತ್ತಿಕಾಳಗ, ಒಬ್ಬ ಹೆಣ್ಣು, ಕೊನೆಗೆ ಕೈತಪ್ಪುವ ಒಂದು ಸುಳಿವು. ನಾಲ್ಕು ಓದಿದವನು ಐದನೆಯದನ್ನು ತಾನೇ ಬರೆಯಬಹುದು. ಆದರೂ ತಾನು ಹುಟ್ಟಿದ ಜಾಗ ಇದೆ ಎಂಬುದಕ್ಕೆ ತಾನೊಬ್ಬನೇ ಸಾಕ್ಷಿ ಎಂಬ ಆ ಮನುಷ್ಯನ ಸ್ಥಿತಿ ನನ್ನನ್ನು ಬಿಡಲಿಲ್ಲ. ಪಟ್ಟಿಗಳಲ್ಲಿ ಊರಿನ ಹೆಸರು ಬೇರೆಯಾಗಿ, ಅರ್ಜಿಯ ನಮೂನೆ ಬೇರೆ ಭಾಷೆಯಲ್ಲಿರುವ ಕಡೆ ಬೆಳೆದ ನಮ್ಮಂಥವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಸೋದರಳಿಯ ನಮ್ಮ ಚಾವಡಿಯಲ್ಲಿ ಒಂದು ಆಟ ಹೂಡಿದ. ಅವನ ಗೆಳೆಯರಿಬ್ಬರು, ನನ್ನ ಅಣ್ಣನ ಮಗಳು, ಪಕ್ಕದ ಮನೆಯ ಮಲಯಾಳಿ ಹುಡುಗ. ಮಣೆಯಿಲ್ಲ, ಕಾಯಿಗಳಿಲ್ಲ. ಎರಡು ದಾಳ, ಪೆನ್ಸಿಲು, ಕಾಗದ. ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬ ಸನ್ನಿವೇಶ ಹೇಳುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫಲ ಸಂಶಯವಾದಲ್ಲಿ ದಾಳ ಉರುಳುತ್ತದೆ. "ಎಂತ ಮಾರಾಯ ಇದು, ಊಟಕ್ಕೂ ಏಳದ ಆಟ?" ಎಂದು ಗದರಲು ಹೋದವನು ಹಡಗಿನಲ್ಲಿ ಶೈತ್ಯನಿದ್ರೆಯ ಪ್ರಯಾಣ ಎಂಬ ಮಾತು ಕೇಳಿ ನಿಂತುಬಿಟ್ಟೆ. ಅದು ಟಬ್‌ನ ಕಾದಂಬರಿಯದು! ಆಟದ ಹೆಸರು 'ಟ್ರಾವೆಲರ್', ಅಂದರೆ ಪಯಣಿಗ. 1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ರಚಿಸಿದ್ದು. ಅಂದಿನಿಂದ ನಾನು ಈ ಆಟಗಳ ನಿಯಮ ಪುಸ್ತಕಗಳನ್ನೂ ಓದತೊಡಗಿದೆ. ಓದುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಆಟದ ನಿಯಮವೂ ಒಂದು ವಿಮರ್ಶೆಯೇ. ಒಬ್ಬ ಅಭಿಮಾನಿ ಕಾದಂಬರಿಯಿಂದ ಏನನ್ನು ಎತ್ತಿಕೊಂಡ, ಏನನ್ನು ಬಿಟ್ಟ ಎಂಬುದು ಅಲ್ಲಿ ಅಂಕಿಗಳಲ್ಲಿ ದಾಖಲಾಗಿರುತ್ತದೆ.

ಈ ಬಗೆಯ ಆಟಗಳಿಗೆ ಮೂಲವಾದದ್ದು 1974ರ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅದರ ಕರ್ತರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳಾಗಿ ಅದು ಹೊರಬಂತು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಅವರು ಮೂಲತಃ ಓದುಗರು. 1979ರಲ್ಲಿ ಗೈಗ್ಯಾಕ್ಸ್ ತನ್ನ ದೊಡ್ಡ ನಿಯಮ ಪುಸ್ತಕದ ಕೊನೆಗೆ, ತನಗೆ ಸ್ಫೂರ್ತಿ ನೀಡಿದ ಲೇಖಕರ ಪಟ್ಟಿಯನ್ನೇ ಕೊಟ್ಟ. ತನ್ನ ಮೇಲೆ ನೇರ ಪ್ರಭಾವ ಬೀರಿದವರೆಂದು ಅಲ್ಲಿ ಹೇಳಿದ ಕೆಲವೇ ಹೆಸರುಗಳಲ್ಲಿ ಜಾಕ್ ವಾನ್ಸ್ ಒಬ್ಬ.

ವಾನ್ಸ್‌ನ 'ದಿ ಡೈಯಿಂಗ್ ಅರ್ತ್' 1950ರದು. ಸೂರ್ಯ ಆರಿಹೋಗಲಿರುವ ದೂರ ಭವಿಷ್ಯದ ಭೂಮಿಯ ಕಥೆ. ಅಲ್ಲಿನ ಮಾಂತ್ರಿಕರು ಗ್ರಂಥ ನೋಡಿ ಮಂತ್ರವನ್ನು ಬಹಳ ಕಷ್ಟದಿಂದ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಒಮ್ಮೆ ಪ್ರಯೋಗಿಸಿದರೆ ಮಂತ್ರ ಮರೆತೇಹೋಗುತ್ತದೆ. ಗೈಗ್ಯಾಕ್ಸ್ ಇದನ್ನು ಹಾಗೆಯೇ ತನ್ನ ಆಟದ ನಿಯಮವಾಗಿಸಿದ. ಇಂಥ ಮಟ್ಟದ ಮಾಂತ್ರಿಕನಿಗೆ ದಿನಕ್ಕೆ ಇಷ್ಟು ಮಂತ್ರ ಎಂಬ ಕೋಷ್ಟಕ ಸಿದ್ಧವಾಯಿತು. ಆದರೆ ವಾನ್ಸ್‌ನಲ್ಲಿ ಆ ಮರೆವಿಗೆ ಒಂದು ಧ್ವನಿ ಇತ್ತು. ಹಿಂದೆ ಸಾವಿರಾರು ಮಂತ್ರಗಳಿದ್ದವು, ಈಗ ಉಳಿದದ್ದು ನೂರರಷ್ಟು, ಅವೂ ಏಕೆ ಫಲಿಸುತ್ತವೆಂದು ಬಲ್ಲವರಿಲ್ಲ. ಒಂದು ನಾಗರಿಕತೆ ತನ್ನ ವಿದ್ಯೆಯನ್ನು ಕಳೆದುಕೊಳ್ಳುತ್ತಿರುವ ಚಿತ್ರವದು. ಕೋಷ್ಟಕಕ್ಕೆ ಮರೆವು ದಕ್ಕಿತು, ವಿಷಾದ ದಕ್ಕಲಿಲ್ಲ. ಆಟದಲ್ಲಿ ಮಾಂತ್ರಿಕ ಗೆದ್ದಷ್ಟೂ ಮೇಲಕ್ಕೇರುತ್ತಾನೆ. ಕಾದಂಬರಿಯಲ್ಲಿ ಮೇಲೇರಲು ಎಲ್ಲಿಯೂ ಜಾಗವಿಲ್ಲ.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಗೈಗ್ಯಾಕ್ಸ್‌ನ ಪಟ್ಟಿಯಲ್ಲಿರುವ ರೋಜರ್ ಝೆಲಾಜ್ನಿ 1967ರಲ್ಲಿ 'ಲಾರ್ಡ್ ಆಫ್ ಲೈಟ್' ಎಂಬ ಕಾದಂಬರಿ ಬರೆದ. 1968ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ದೂರದ ಗ್ರಹವೊಂದಕ್ಕೆ ಬಂದಿಳಿದ ಹಡಗಿನ ಸಿಬ್ಬಂದಿ ಯಂತ್ರಶಕ್ತಿಯನ್ನೆಲ್ಲ ತಮ್ಮ ಕೈಯಲ್ಲಿಟ್ಟುಕೊಂಡು ಬ್ರಹ್ಮ, ಯಮ, ಕಾಳಿ ಎಂಬ ಹೆಸರುಗಳಲ್ಲಿ ದೇವರಾಗಿ ಮೆರೆಯುತ್ತಾರೆ. ಜನರಿಗೆ ಹೊಸ ದೇಹ ಕೊಡುವ ಯಂತ್ರವೂ ಅವರದೇ, ಕರ್ಮದ ಲೆಕ್ಕ ಹಾಕುವವರೂ ಅವರೇ. ಜನರ ನಡುವೆ ಮುದ್ರಣಯಂತ್ರ ತಲೆಯೆತ್ತಿದರೆ ಅದನ್ನು ಹತ್ತಿಕ್ಕುತ್ತಾರೆ. ಅವರಲ್ಲೇ ಒಬ್ಬನಾಗಿದ್ದ ಸ್ಯಾಮ್ ಬುದ್ಧನ ಮಾತನ್ನು ಆಯುಧವಾಗಿ ಹಿಡಿದು ಎದುರು ನಿಲ್ಲುತ್ತಾನೆ. ನಮ್ಮ ಪುರಾಣವನ್ನು ಹೊರಗಿನವನೊಬ್ಬ ಸಡಿಲವಾಗಿ ಬಳಸಿಕೊಂಡಿದ್ದಾನೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು. ಆದರೆ ವಿದ್ಯೆಯನ್ನು ಯಾರು ಬೀಗ ಹಾಕಿ ಇಡುತ್ತಾರೆ ಎಂಬ ಪ್ರಶ್ನೆ ಸಾಚಾ. ಇತ್ತ 'ಡಂಜನ್ಸ್ ಅಂಡ್ ಡ್ರಾಗನ್ಸ್'ನವರು 1980ರಲ್ಲಿ ಹಲವು ದೇಶಗಳ ದೇವತೆಗಳ ಒಂದು ಸಂಪುಟ ತಂದರು. ಭಾರತದ ವಿಭಾಗದಲ್ಲಿ ಇಂದ್ರ, ಅಗ್ನಿ, ವರುಣರೂ ಇದ್ದಾರೆ. ಒಬ್ಬೊಬ್ಬರೂ ಎಷ್ಟು ಏಟು ತಾಳಬಲ್ಲರು ಎಂಬುದಕ್ಕೆ ಭೂತ ಬೇತಾಳಗಳಿಗೆ ಕೊಟ್ಟಂತೆ ಅಂಕಿ. ಝೆಲಾಜ್ನಿ ದೇವರ ಪೀಠದಲ್ಲಿ ಕುಳಿತವರನ್ನು ಪ್ರಶ್ನಿಸಿದರೆ, ಈ ಸಂಪುಟ ದೇವರನ್ನು ಬರೇ ಎದುರಾಳಿಯಾಗಿಸಿತು. ಭಕ್ತನಾಗಿ ನಾನು ಸಿಟ್ಟಾಗಲಿಲ್ಲ, ಓದುಗನಾಗಿ ಬೇಸರಪಟ್ಟೆ.

ಹಾಗಾದರೆ ಆಟವೆಂದರೆ ನಷ್ಟವೇ ಎಂದು ಕೇಳಿದರೆ, ಅಲ್ಲ ಎನ್ನಲು ನನಗೆ 'ಟ್ರಾವೆಲರ್' ಸಿಕ್ಕಿದೆ. ಕಪ್ಪು ಪೆಟ್ಟಿಗೆಯಲ್ಲಿ ಮೂರು ಕಪ್ಪು ಪುಸ್ತಕಗಳಾಗಿ ಅದು ಮೊದಲು ಬಂತು. ಮುಚ್ಚಳದ ಮೇಲೆ ರಾಕ್ಷಸನಿಲ್ಲ, ವೀರನಿಲ್ಲ, ಕಷ್ಟದಲ್ಲಿರುವ ಹಡಗೊಂದರ ಮೊರೆಯ ಕೆಲವು ಸಾಲುಗಳು ಮಾತ್ರ. ಇಲ್ಲಿ ಪಾತ್ರವೆಂದರೆ ಹುರುಪಿನ ಹುಡುಗನಾಗಬೇಕಿಲ್ಲ. ಹದಿನೆಂಟನೆಯ ವಯಸ್ಸಿಗೆ ಸೇನೆಗೋ ವ್ಯಾಪಾರಿ ಹಡಗಿಗೋ ಸೇರಿ, ನಾಲ್ಕು ನಾಲ್ಕು ವರ್ಷಗಳ ಅವಧಿಗಳನ್ನು ಮುಗಿಸಿ, ಕೆಲಸ ಬಿಟ್ಟು ಹೊರಬಿದ್ದ ಮೇಲೆ ಆಟ ಶುರು. ಪ್ರತಿ ಅವಧಿಗೂ ಬದುಕುಳಿದನೇ ಎಂದು ದಾಳ ಹಾಕಬೇಕು. ಆಟ ಆರಂಭವಾಗುವ ಮೊದಲೇ ಪಾತ್ರ ಸತ್ತುಹೋಗುವುದೂ ಉಂಟು. ಮೂವತ್ತನಾಲ್ಕಕ್ಕೆ ಮುಪ್ಪಿನ ದಾಳ ಆರಂಭ. ಐದು ಅವಧಿ ಮುಗಿಸಿದರೆ ಕೆಲವು ಸೇವೆಗಳಲ್ಲಿ ನಿವೃತ್ತಿ ವೇತನ. ನಲವತ್ತು ದಾಟಿದ ನನಗೆ ಇದಕ್ಕಿಂತ ವಾಸ್ತವವಾದ ಕಲ್ಪನಾಲೋಕ ಬೇಕಿರಲಿಲ್ಲ.

"ಮಾವ, ನಿಮಗೆ ಬ್ಯಾಂಕಿನ ಲೆಕ್ಕ ಗೊತ್ತುಂಟಲ್ಲ, ಹಡಗಿನ ಸಾಲ ನೀವೇ ನೋಡಿ," ಎಂದು ಅಳಿಯ ಪುಸ್ತಕವನ್ನು ನನ್ನತ್ತ ತಳ್ಳಿದ. ನೋಡಿದೆ. ಸಾಧಾರಣ ವ್ಯಾಪಾರಿ ಹಡಗಿನ ಬೆಲೆ 3,70,80,000 ಕ್ರೆಡಿಟ್. ಕ್ರೆಡಿಟ್ ಎಂದರೆ ಅಲ್ಲಿನ ನಾಣ್ಯ. ಐದನೆಯ ಒಂದು ಪಾಲು ಮುಂಗಡ. ಉಳಿದದ್ದಕ್ಕೆ ತಿಂಗಳಿಗೆ ಬೆಲೆಯ 240ನೆಯ ಒಂದು ಪಾಲಿನಂತೆ 480 ಕಂತು, ಅಂದರೆ ನಲವತ್ತು ವರ್ಷ. ತಿಂಗಳ ಕಂತು 1,54,500. ಎಲ್ಲ ಸೇರಿ ಕಟ್ಟುವುದು ಬೆಲೆಯ ಎರಡು ಪಟ್ಟಿನ ಮೇಲೆ ಐದನೆಯ ಒಂದು ಪಾಲು. ನಾನು ರಾತ್ರಿ ಕೂತು ಬಡ್ಡಿ ತೆಗೆದೆ. ವರ್ಷಕ್ಕೆ ಶೇಕಡಾ ಐದೂವರೆಯ ಆಸುಪಾಸು! ಅಷ್ಟು ಅಗ್ಗದ ಗೃಹಸಾಲ ನಮ್ಮ ಕೌಂಟರಿನಲ್ಲಿ ಸಿಗುವುದಿಲ್ಲ. ಆದರೂ ಕಂತು ಕಂತೇ. ಅದನ್ನು ಕಟ್ಟಲೆಂದೇ ಆಟಗಾರರು ಲೋಕದಿಂದ ಲೋಕಕ್ಕೆ ಸರಕು ಹೊರುತ್ತಾರೆ, ಬೇಡದ ಕೆಲಸ ಒಪ್ಪಿಕೊಳ್ಳುತ್ತಾರೆ. ಸಾಹಸಕ್ಕೆ ಕಾರಣ ಶೌರ್ಯವಲ್ಲ, ಸಾಲ. ಇಪ್ಪತ್ತು ವರ್ಷ ಕೌಂಟರಿನ ಆಚೆ ನಿಂತವರ ಮುಖಗಳನ್ನು ನೋಡಿದ ನನಗೆ, ಇದನ್ನು ಬರೆದವನು ಮನುಷ್ಯರನ್ನು ಬಲ್ಲವನು ಅನಿಸಿತು.

ಟಬ್‌ನಿಂದ ಮಿಲ್ಲರ್ ತೆಗೆದುಕೊಂಡದ್ದು ಬಡವರ ಪ್ರಯಾಣದ ಕ್ರಮವನ್ನು. ಹಣವುಳ್ಳವರಿಗೆ ಮೇಲ್ದರ್ಜೆ. ಇಲ್ಲದವರು ಹೆಣದಂತೆ ತಣ್ಣಗಿನ ಪೆಟ್ಟಿಗೆಯಲ್ಲಿ ಮಲಗಬೇಕು. ಎಚ್ಚರವಾಗುವಾಗ ಕೆಲವರು ಸಾಯುತ್ತಾರೆ. ಎಷ್ಟು ಮಂದಿ ಉಳಿದಾರು ಎಂದು ಆ ಪ್ರಯಾಣಿಕರ ನಡುವೆಯೇ ಒಂದು ಲಾಟರಿ ನಡೆಸುವ ಕ್ರೂರ ವಿನೋದವೂ ನಿಯಮದಲ್ಲುಂಟು. ಒಂದು ನೆಗೆತಕ್ಕೆ ಸುಮಾರು ಒಂದು ವಾರ. ಹಡಗಿಗಿಂತ ವೇಗವಾಗಿ ಸುದ್ದಿ ಹೋಗಲು ಬೇರೆ ದಾರಿಯಿಲ್ಲ. ಆದ್ದರಿಂದ ರಾಜಧಾನಿಯ ಆಜ್ಞೆ ಗಡಿಯ ಲೋಕಕ್ಕೆ ಮುಟ್ಟುವಾಗ ಹಳತಾಗಿರುತ್ತದೆ. ಕೇಂದ್ರದಿಂದ ದೂರವಿರುವವರ ಬದುಕು ಎಂಥದು ಎಂಬುದನ್ನು ಎಷ್ಟೋ ಕಾದಂಬರಿಗಳು ವರ್ಣಿಸಿ ಹೇಳಲಾಗದ್ದನ್ನು ಈ ಒಂದು ನಿಯಮ ಹೇಳುತ್ತದೆ. ಇಲ್ಲಿ ಆಟ ಮೂಲಕ್ಕಿಂತ ಮುಂದೆ ಹೋಗಿದೆ ಎಂದೇ ನನ್ನ ಅಭಿಪ್ರಾಯ.

ಆದರೆ ಡುಮರೆಸ್ಟ್‌ನ ಹಂಬಲ? ಅದಕ್ಕೆ ಕೋಷ್ಟಕವಿಲ್ಲ. ಸಾಲಕ್ಕೆ ಅಂಕಿ ಕೊಡಬಹುದು, ಊರಿನ ನೆನಪಿಗೆ ಕೊಡಲಾಗದು. ಆಡುವವರೇ ಅದನ್ನು ಮಾತಿನಲ್ಲಿ ತುಂಬಬೇಕು. ಈ ಮಾತು ಬಂದಾಗ ನಮ್ಮ ನಾಡಿನ ತಾಳಮದ್ದಳೆ ನೆನಪಾಗದೆ ಇರದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ ಆಶುವಾಗಿ ಅರ್ಥ ಹೇಳುವ ಕಲೆ. ಎರಡೂ ಒಂದೇ ಎಂದು ಸಾಧಿಸುವ ಉದ್ದೇಶ ನನ್ನದಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಎಷ್ಟು ವಾದಿಸಿದರೂ ಕರ್ಣ ಉಳಿಯುವುದಿಲ್ಲ. ದಾಳದ ಆಟದಲ್ಲಿ ಕೊನೆ ಆಡುವವರಿಗೂ ಗೊತ್ತಿಲ್ಲ. ಅರ್ಥಧಾರಿಗೆ ಎದುರು ಸಭೆ ಇದೆ, ಇಲ್ಲಿ ಆಡುವವರೇ ಸಭೆ. ಆದರೆ ಎರಡರಲ್ಲೂ ಓದಿದ್ದು ನಾಲಿಗೆಗೆ ಬರಬೇಕು. ಅಂಕಿ ನಿಲ್ಲುವಲ್ಲಿ ಮಾತು ಕೆಲಸಕ್ಕೆ ತೊಡಗಬೇಕು.

ಚಾವಡಿಯ ಆಟ ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಮಲಯಾಳದಲ್ಲಿ ನಡೆಯುತ್ತಿತ್ತು. ಅಣ್ಣನ ಮಗಳು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಮಾತಾಡುತ್ತಾಳೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ನಾನು ಹೇಳಿದ ಡುಮರೆಸ್ಟ್‌ನ ಕಥೆ ಕೇಳಿ ಅವಳು ತನ್ನ ಪಾತ್ರವನ್ನು ನಕ್ಷೆಯಲ್ಲಿಲ್ಲದ ಲೋಕದವಳನ್ನಾಗಿ ಮಾಡಿಕೊಂಡಳು. ಬಂದರಿನ ಅಧಿಕಾರಿಯಾಗಿದ್ದ ಪಕ್ಕದ ಮನೆಯ ಹುಡುಗ ಗತ್ತಿನಿಂದ ಮಲಯಾಳದಲ್ಲಿ, ಅಂಥ ಲೋಕ ಪಟ್ಟಿಯಲ್ಲಿಲ್ಲ, ಇಳಿಯಲು ಬಿಡುವುದಿಲ್ಲ ಎಂದ. ಅವಳು ಇಂಗ್ಲಿಷಿನಲ್ಲಿ ಏನೋ ಹೇಳಹೊರಟು, ತಡೆದು, ಮನೆಯ ಕನ್ನಡದಲ್ಲಿ ಹೇಳಿದಳು: "ಪಟ್ಟಿಯಲ್ಲಿ ಇಲ್ಲದಿದ್ದರೆ ಎಂತ? ನಾನು ಅಲ್ಲಿಂದಲೇ ಬಂದದ್ದು." ದಾಳ ಹಾಕುವುದನ್ನು ಅಳಿಯ ಮರೆತ. ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶೆರಿ, ಇಳಿಯಿರಿ" ಎಂದು ಅರ್ಧ ಕನ್ನಡದಲ್ಲೇ ಒಪ್ಪಿದ.

ಇದರಿಂದ ಕನ್ನಡ ಉಳಿದೀತು ಎಂದು ನಾನು ಹೇಳಲಾರೆ. ಮರುದಿನ ಆಟ ಮತ್ತೆ ಇಂಗ್ಲಿಷಿನಲ್ಲೇ ನಡೆಯಿತು. ಆದರೆ ನಾವು ಹಿರಿಯರು ಮಕ್ಕಳ ಎದುರು ಕನ್ನಡವನ್ನು ಹೆಚ್ಚಾಗಿ ಮನವಿಪತ್ರಕ್ಕೆ, ಸಭೆಯ ಭಾಷಣಕ್ಕೆ, ಬೈಗುಳಕ್ಕೆ ಬಳಸುತ್ತೇವೆ. ಬೇರೆ ಲೋಕಗಳನ್ನು ಕಟ್ಟುವ ಕೆಲಸಕ್ಕೂ ಅದು ಆಗುತ್ತದೆ ಎಂದು ಅವರಿಗೆ ತೋರಿಸಿಕೊಟ್ಟವರು ಕಡಿಮೆ. ಆ ಹುಡುಗಿ ಯಾರೂ ಹೇಳದೆ ಅದನ್ನು ಕಂಡುಕೊಂಡಳು.

ಹಡಗಿನ ಸಾಲದ ಖಾತೆ ಈಗ ನನ್ನ ಹೊಣೆ. ಒಂದು ಹಳೆಯ ನೋಟುಪುಸ್ತಕದಲ್ಲಿ ಕನ್ನಡ ಅಂಕಿಗಳಲ್ಲಿ ಬರೆದಿಡುತ್ತಿದ್ದೇನೆ. ಅದನ್ನು ಓದಲೆಂದು ಅಣ್ಣನ ಮಗಳು ಅಂಕಿಗಳನ್ನು ಕಲಿತಿದ್ದಾಳೆ. ಹನ್ನೊಂದು ಕಂತು ಸಂದಿದೆ, 469 ಬಾಕಿ.