ಮಾದರಿ ಕಾರುಗಳಲ್ಲಿ ಕಾಣದ ಕೈಗಳು

ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರುಗಳ ಪುಟ್ಟ ಮಾದರಿಗಳನ್ನು ಸಂಗ್ರಹಿಸುವವರನ್ನು ಕಂಡು ಇದೆಂಥ ಹುಚ್ಚು ಎಂದು ನಗುವವರಿದ್ದಾರೆ. ನಾವು ಹಾಗೆ ನಗಲಾರೆವು. 1962ರಿಂದ 1964ರವರೆಗೆ ತಯಾರಾದ ಫೆರಾರಿ 250 ಜಿಟಿಓ ಕಾರುಗಳು ಕೇವಲ 36. ಅವುಗಳಲ್ಲೊಂದು 2018ರ ಹರಾಜಿನಲ್ಲಿ ಸುಮಾರು 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಇಂಥ ಕಾರನ್ನು ಜನಸಾಮಾನ್ಯರು ಮನೆಯಲ್ಲಿಟ್ಟು ನೋಡಬೇಕಾದರೆ ಪುಟ್ಟ ಮಾದರಿಯೇ ಗತಿ. ಮಿಲಾನ್ ಸಮೀಪದ ಬುರಾಗೊ ಕಂಪನಿ ಅದನ್ನು ಕಡಿಮೆ ಬೆಲೆಗೆ ಒದಗಿಸಿತು. ಜರ್ಮನಿಯ ಸಿಎಂಸಿ ಇನ್ನೂ ಮುಂದೆ ಹೋಗಿ, 1:18 ಅಳತೆಯ ದುಬಾರಿ ಮಾದರಿಯಲ್ಲಿ ಚಕ್ರದ ಲೋಹದ ಕಡ್ಡಿಗಳನ್ನೂ ಬಿಡಿಬಿಡಿಯಾಗಿ ಜೋಡಿಸಿತು.

ಇಷ್ಟೆಲ್ಲ ವಿವರಗಳಿದ್ದರೂ ಮುಖ್ಯವಾದ ಒಂದು ವಿವರ ಅಲ್ಲಿಲ್ಲ. ಮೊಡೆನಾದ ಸ್ಕಾಲಿಯೆಟ್ಟಿ ಕಾರ್ಯಾಗಾರದಲ್ಲಿ ಕುಶಲಕರ್ಮಿಗಳು ಅಲ್ಯುಮಿನಿಯಂ ಹಾಳೆಗಳನ್ನು ಸುತ್ತಿಗೆಯಿಂದ ಬಡಿದು ಕಾರಿನ ಮೈಯನ್ನು ರೂಪಿಸುತ್ತಿದ್ದರು. ಆದ್ದರಿಂದ ಎರಡು ಕಾರುಗಳು ತದ್ರೂಪವಾಗಿರಲಿಲ್ಲ. ಒಂದೇ ಅಚ್ಚಿನಿಂದ ಬರುವ ಮಾದರಿಗಳೋ ಎಲ್ಲವೂ ತದ್ರೂಪ. ಸಣ್ಣ ಏರುತಗ್ಗುಗಳಲ್ಲಿ ಉಳಿದಿದ್ದ ಮನುಷ್ಯನ ಕೈಗುರುತನ್ನು ಅಚ್ಚು ಒರೆಸಿಹಾಕುತ್ತದೆ.

ವಿಪರ್ಯಾಸವೆಂದರೆ, ಸಿಎಂಸಿ ಮಾದರಿಯ ನೂರಾರು ಭಾಗಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸಿದವರು ಚೀನಾದ ಕಾರ್ಮಿಕರು. ಸಂಗ್ರಹಕಾರರು ಭಾಗಗಳನ್ನು ಎಣಿಸುತ್ತಾರೆ, ಬಣ್ಣದ ಛಾಯೆಗಾಗಿ ವಾದಿಸುತ್ತಾರೆ. ಜೋಡಿಸಿದವರ ಬಗ್ಗೆ ಕೇಳುವವರು ವಿರಳ. ಮೊಡೆನಾದ ಸುತ್ತಿಗೆಯ ಕೆಲಸಕ್ಕೆ ಕಲೆಯ ಗೌರವ ಸಲ್ಲುವುದಾದರೆ, ಚೀನಾದ ಚಿಮಟದ ಕೆಲಸವನ್ನು ಬರೀ ಕೂಲಿಯೆನ್ನುವುದು ನ್ಯಾಯವೇ? ಮಾದರಿಯ ನೈಜತೆಯನ್ನು ಅಳೆಯುವವರು ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕೆಂದು ನಮಗನಿಸುತ್ತದೆ.