ಗೋಪುರದ ಬೀಗ ಯಾರ ಕೈಯಲ್ಲಿದೆ?

ರಾಜಕುಮಾರಿಯ ಕೈಗೊಂದು ಕತ್ತಿ ಕೊಟ್ಟರೆ ಕತೆ ಹೆಣ್ಣುಮಕ್ಕಳ ಪರವಾಗಿಬಿಡುತ್ತದೆ ಎಂಬ ನಂಬಿಕೆ ಮಕ್ಕಳ ಕಾಮಿಕ್ಸ್ ಬರೆಯುವವರಲ್ಲಿ ಇದ್ದೇ ಇದೆ. ಅಮೆರಿಕದ ಆಕ್ಷನ್ ಲ್ಯಾಬ್ ಸಂಸ್ಥೆ 2011ರಲ್ಲಿ ಆರಂಭಿಸಿದ ‘ಪ್ರಿನ್ಸ್‌ಲೆಸ್’ ಸರಣಿಯನ್ನೂ ಹಾಗೆ ಓದಿ ಮುಗಿಸಿಬಿಡಬಹುದು. ಜೆರೆಮಿ ವಿಟ್ಲಿ ಬರೆದು ಎಂ. ಗುಡ್‌ವಿನ್ ಚಿತ್ರ ಬಿಡಿಸಿದ ಮೊದಲ ಸಂಪುಟದ ನಾಯಕಿ ಏಡ್ರಿಯನ್ ಕಪ್ಪು ಮೈಬಣ್ಣದ ರಾಜಕುಮಾರಿ. ಗೋಪುರದಲ್ಲಿ ಕೂಡಿಹಾಕಿದ್ದಾರೆ, ಕಾವಲಿಗೆ ಸ್ಪಾರ್ಕಿ ಎಂಬ ಡ್ರ್ಯಾಗನ್ ಇದೆ. ಅಲ್ಲೇ ಸಿಕ್ಕ ಕತ್ತಿ ಹಿಡಿದು, ಕಾವಲಿನ ಡ್ರ್ಯಾಗನ್ನನ್ನೇ ಒಲಿಸಿಕೊಂಡು ಅವಳು ಹೊರಬೀಳುತ್ತಾಳೆ. ತನ್ನಂತೆಯೇ ಬಂದಿಯರಾಗಿರುವ ಅಕ್ಕತಂಗಿಯರನ್ನು ಬಿಡಿಸಲು ಹೊರಡುತ್ತಾಳೆ. ಆದರೆ ಈ ಕಾಮಿಕ್ಸಿನ ಹೆಚ್ಚುಗಾರಿಕೆ ಕತ್ತಿಯಲ್ಲಿಲ್ಲ, ಗೋಪುರದಲ್ಲಿದೆ. ಅವಳನ್ನು ಅಲ್ಲಿಟ್ಟದ್ದು ಮಾಟಗಾತಿಯಲ್ಲ, ಶಾಪವೂ ಅಲ್ಲ. ಯೋಗ್ಯ ಅಳಿಯ ಸಿಗಲಿ ಎಂದು ಹೆತ್ತ ತಂದೆಯೇ ಮಾಡಿದ ಏರ್ಪಾಡು ಅದು. ಕೇಡಿಗನನ್ನು ಕೊಂದರೆ ಮಾಟ ಮುರಿಯಬಹುದು. ಪ್ರೀತಿಯ ಹೆಸರಿನಲ್ಲಿ ಮನೆಯವರೇ ಹಾಕಿದ ಬೀಗಕ್ಕೆ ಆ ಉಪಾಯ ನಡೆಯುವುದಿಲ್ಲ. ಏಡ್ರಿಯನ್ ಯೋಧನ ಕವಚ ತೊಟ್ಟು ತಪ್ಪಿಸಿಕೊಂಡಾಗ, ಆ ಯೋಧನೇ ಮಗಳನ್ನು ಕೊಂದನೆಂದು ನಂಬಿದ ರಾಜ ಅವನ ಬೇಟೆಗೆ ಜನರನ್ನು ಅಟ್ಟುತ್ತಾನೆ. ಮಗಳಿಗಾಗಿ ಕುದಿಯುವ ತಂದೆ ಮಗಳ ಬೆನ್ನನ್ನೇ ಹತ್ತಿದ್ದಾನೆ. ಇಡೀ ಸರಣಿಯಲ್ಲಿ ಇದಕ್ಕಿಂತ ಹರಿತವಾದ ವ್ಯಂಗ್ಯ ಇನ್ನೊಂದಿಲ್ಲ.

ಇಂಥ ಕತೆಯ ಮೇಲೆ ಮೊದಲು ಬರುವ ಆಕ್ಷೇಪ ಉಪದೇಶದ್ದು. ಅದು ಸುಳ್ಳಲ್ಲ. ಕೆಲವು ಪುಟಗಳಲ್ಲಿ ಏಡ್ರಿಯನ್ ಮಾತಾಡುತ್ತಿದ್ದಾಳೋ ಲೇಖಕ ಭಾಷಣ ಮಾಡುತ್ತಿದ್ದಾನೋ ತಿಳಿಯದು. ಬಿಡಿಸಲು ಬರುವ ರಾಜಕುಮಾರರಂತೂ ಬರೀ ನಗೆಪಾಟಲಿಗಾಗಿ ನಿಲ್ಲಿಸಿದ ಬೊಂಬೆಗಳು. ಆದರೆ 2012ರಲ್ಲಿ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೂರನೆಯ ಸಂಚಿಕೆಯನ್ನು ನೋಡಬೇಕು. ಏಡ್ರಿಯನ್ ಕವಚ ಕೊಳ್ಳಲು ಕಮ್ಮಾರಸಾಲೆಗೆ ಹೋಗುತ್ತಾಳೆ. ಅಲ್ಲಿ ದುಡಿಯುವವಳು ಅರೆ-ಕುಬ್ಜ ಹುಡುಗಿ ಬೆಡೀಲಿಯಾ. ಸಾಲೆಯ ಹೆಸರು ಮಾತ್ರ ಅವಳ ಕುಡುಕ ಅಪ್ಪನದು. ‘ವೀರವನಿತೆಯರ’ ಕವಚವೆಂದು ಅವಳು ಒಂದೊಂದಾಗಿ ತೋರಿಸುವುದೆಲ್ಲ ಹೊಟ್ಟೆ ತೊಡೆ ಬಿಟ್ಟು ಮಿಕ್ಕಿದ್ದಕ್ಕಷ್ಟೇ ಲೋಹ ಹೊದಿಸಿದ, ಅಮೆರಿಕನ್ ಕಾಮಿಕ್ಸಿನ ಹೆಸರಾಂತ ನಾಯಕಿಯರನ್ನು ನೆನಪಿಸುವ ಉಡುಗೆ. ಬಾಣ ಎಲ್ಲಿಗೆ ನಾಟುತ್ತದೆಂದು ಎಂಟು ವರ್ಷದ ಓದುಗಿಗೂ ಚಿತ್ರ ನೋಡಿದೊಡನೆ ಗೊತ್ತಾಗುತ್ತದೆ, ನಗು ಬರುತ್ತದೆ. ಆಮೇಲೆ ಬೆಡೀಲಿಯಾ ನಿಜವಾಗಿ ಮೈ ಕಾಯುವ ಕವಚವನ್ನು ತಾನೇ ರೂಪಿಸುತ್ತಾಳೆ. ದಶಕಗಳ ಕಾಮಿಕ್ಸಿನ ಮೇಲಿನ ಟೀಕೆ ಇಲ್ಲಿ ಸುತ್ತಿಗೆ ಹಿಡಿದವಳ ಕಸುಬಿನ ಪ್ರಶ್ನೆಯಾಗಿ ಬಂದಿದೆ. ವಿಟ್ಲಿ ಎಲ್ಲ ಕಡೆ ಹೀಗೇ ಬರೆದಿದ್ದರೆ ಉಪದೇಶದ ಮಾತೇ ಏಳುತ್ತಿರಲಿಲ್ಲ.

ಗಂಡಸರನ್ನು ಹೀಗಳೆಯುವ ಕತೆ ಎಂಬ ಇನ್ನೊಂದು ದೂರಿಗೆ ಉತ್ತರ ಏಡ್ರಿಯನ್‌ಳ ಸಹೋದರ ಡೆವಿನ್. ಮೆದು ಸ್ವಭಾವದ ಈ ಹುಡುಗ ತಂದೆಯ ಕಣ್ಣಿಗೆ ನಾಲಾಯಕ್ಕು. ಹೆಣ್ಣುಮಕ್ಕಳನ್ನು ಗೋಪುರಕ್ಕೆ ಏರಿಸಿದ ಅಳತೆಗೋಲೇ ಮಗನನ್ನು ಅರಮನೆಯಲ್ಲಿ ಕುಗ್ಗಿಸುತ್ತದೆ. ಹಾಗೆಯೇ, ಅಲಂಕಾರಪ್ರಿಯ ಹುಡುಗಿಯರನ್ನು ಕೀಳುಮಾಡಿ ಕತ್ತಿಯವಳನ್ನು ಮೇಲೇರಿಸುವುದು ಇಂಥ ಕತೆಗಳ ಹಳೆಯ ಜಾಡ್ಯ. ಎಮಿಲಿ ಮಾರ್ಟಿನ್ ಚಿತ್ರಿಸಿದ ಎರಡನೆಯ ಸಂಪುಟ ಅದನ್ನು ನೇರವಾಗಿ ಎದುರಿಸುತ್ತದೆ. ಅಕ್ಕ ಆಂಜೆಲಿಕಾ ತನ್ನ ಚೆಲುವಿನ ಮೆಚ್ಚುಗೆಯಲ್ಲಿ ಸುಖವಾಗಿದ್ದಾಳೆ, ಬಿಡುಗಡೆಯನ್ನು ಕೇಳಿಯೇ ಇಲ್ಲ. ಕೇಳದವರನ್ನು ಬಿಡಿಸಹೊರಟ ತಂಗಿಯೂ ಒಂದಿಷ್ಟು ತನ್ನನ್ನು ಬಿಡಿಸಬಂದ ರಾಜಕುಮಾರರಂತೆಯೇ ಕಾಣತೊಡಗುತ್ತಾಳೆ. ನಾಯಕಿಯನ್ನೇ ಪ್ರಶ್ನೆಗೊಡ್ಡುವ ಈ ಧೈರ್ಯ ಮಕ್ಕಳ ಕಾಮಿಕ್ಸಿನಲ್ಲಿ ಅಪರೂಪ.

ಮುಂದಿನ ಸಂಪುಟಗಳಲ್ಲಿ ಕತೆ ಎಳೆದಾಡುತ್ತದೆ. ಚಿತ್ರಕಾರರು ಬದಲಾದಂತೆ ಮುಖಗಳೂ ಬದಲಾಗಿ ಕಿರಿಯ ಓದುಗರಿಗೆ ಗೊಂದಲವಾಗುತ್ತದೆ. 2015ರಲ್ಲಿ ಕವಲೊಡೆದ, ಕಡಲ್ಗಳ್ಳಿ ರೇವನ್‌ಳ ಸರಣಿ ಸ್ವಲ್ಪ ದೊಡ್ಡ ಮಕ್ಕಳಿಗೆ ಸೇರಿದ್ದು, ಅದರ ಮಾತು ಬೇರೆ. ಇಂಗ್ಲಿಷ್ ಓದಬಲ್ಲ ಹುಡುಗಿ ಮನೆಯಲ್ಲಿದ್ದರೆ ಮೊದಲೆರಡು ಸಂಪುಟಗಳನ್ನು ಅವಳ ಕೈಗೆ ಕೊಡಿ. ಅವಳ ಅಣ್ಣತಮ್ಮಂದಿರೂ ಓದಲಿ.