ಪ್ಯಾಟ್ರಿಕನ ಕವಚ: ಕೈಬಿಟ್ಟ ಸಾಲುಗಳನ್ನು ಕುರಿತು

ಸಂತ ಪ್ಯಾಟ್ರಿಕನ ಹೆಸರಿನಲ್ಲಿ ಪ್ರಸಿದ್ಧವಾದ ಐರಿಷ್ ಕವಚಪ್ರಾರ್ಥನೆಯು ಇಂದು ಹೆಚ್ಚಾಗಿ ಎರಡು ತುಣುಕುಗಳಲ್ಲಿ ಬಳಕೆಯಲ್ಲಿದೆ. ಕ್ರಿಸ್ತನು ನನ್ನ ಸುತ್ತಲೂ ಇರಲೆಂದು ಬೇಡುವ ಭಾಗ ಆರಾಧನೆಗೆ ಒದಗಿದೆ. ಸೂರ್ಯ, ಚಂದ್ರ, ಗಾಳಿ, ಬಂಡೆಗಳನ್ನು ಕರೆಯುವ ಭಾಗ ‘ಕೆಲ್ಟಿಕ್ ಅಧ್ಯಾತ್ಮ’ದ ಪುಸ್ತಕಗಳಿಗೆ ಒದಗಿದೆ. ಇವೆರಡರ ನಡುವೆ ಮೂಲದಲ್ಲಿ ವೈರಿಗಳ ಒಂದು ಪಟ್ಟಿಯಿದೆ. ಅದನ್ನು ತೆಗೆದರೆ ಉಳಿದೆರಡೂ ಅರ್ಥ ಕಳೆದುಕೊಳ್ಳುತ್ತವೆ ಎಂಬುದು ನನ್ನ ವಾದ.

ಕರ್ತೃತ್ವದ ವಿಷಯ ಸಂಕ್ಷೇಪವಾಗಿ ಹೇಳಬಹುದು. ಪ್ಯಾಟ್ರಿಕನು 5ನೆಯ ಶತಮಾನದವನು. ಅವನವೆಂದು ವಿದ್ವಾಂಸರು ಒಪ್ಪುವ ಎರಡು ಬರಹಗಳೂ ಲ್ಯಾಟಿನ್ನಿನಲ್ಲಿವೆ. ಕವಚವಾದರೋ ಪ್ರಾಚೀನ ಐರಿಷಿನಲ್ಲಿದೆ. ಅದರ ಭಾಷೆಯನ್ನು ಸಾಮಾನ್ಯವಾಗಿ 8ನೆಯ ಶತಮಾನಕ್ಕೆ ಸೇರಿಸುತ್ತಾರೆ. 11ನೆಯ ಶತಮಾನದ ‘ಲಿಬರ್ ಹಿಮ್ನೋರಮ್’ ಹಸ್ತಪ್ರತಿಯ ಪೀಠಿಕೆಯಲ್ಲಿ ಒಂದು ಐತಿಹ್ಯವಿದೆ: ತಾರಾ ಗುಡ್ಡಕ್ಕೆ ಹೊರಟ ಪ್ಯಾಟ್ರಿಕನನ್ನು ಕೊಲ್ಲಲು ಅರಸನ ಜನರು ಹೊಂಚು ಹಾಕಿದ್ದರು, ಅವನು ಇದನ್ನು ಹಾಡಲು, ಅವನೂ ಸಂಗಡಿಗರೂ ಅವರ ಕಣ್ಣಿಗೆ ಜಿಂಕೆಗಳಾಗಿ ತೋರಿದರು. ಚರಿತ್ರೆಯಾಗಿ ಇದು ನಿಲ್ಲದು. ಆದರೂ ಪ್ರಾರ್ಥನೆಯ ಸ್ವಭಾವವನ್ನು ಐತಿಹ್ಯಕಾರನು ಸರಿಯಾಗಿ ಗ್ರಹಿಸಿದ್ದಾನೆ: ಇದು ಹೊಂಚಿನ ನಡುವೆ ನಡೆಯುವವನ ಮಾತು.

ದೇಹಕ್ಕೂ ಆತ್ಮಕ್ಕೂ ಕಾವಲು ಬೇಡುವ ಕವಚಸ್ತೋತ್ರಗಳನ್ನು ಕೇಳಿ ಬಲ್ಲ ನಮಗೆ ಈ ಪ್ರಕಾರ ಅಪರಿಚಿತವಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ವಜ್ರಕವಚವಂತೂ ಕಣ್ಣೆದುರೇ ಇದೆ. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ತ್ರಯೇಕ ದೇವರ, ಸೃಷ್ಟಿಕರ್ತನ ಅರಿಕೆ. ಬಳಿಕ ಕ್ರಿಸ್ತನ ಜನನದಿಂದ ನ್ಯಾಯತೀರ್ಪಿನ ಬರೋಣದವರೆಗಿನ ಕ್ರಿಯೆಗಳು. ಅನಂತರ ದೇವದೂತರು, ಪ್ರವಾದಿಗಳು, ಅಪೊಸ್ತಲರು. ಆಕಾಶ, ಸೂರ್ಯ, ಸಮುದ್ರ, ಬಂಡೆಗಳು ಬರುವುದು ಇವೆಲ್ಲ ಆದಮೇಲೆ. ನಿಸರ್ಗಾರಾಧನೆಯ ಅವಶೇಷವೆಂದು ಇದನ್ನು ಓದುವವರು ಆರಂಭದ ಪುಟವನ್ನೇ ಮಗುಚಿ ಹಾಕಿರಬೇಕು.

ಆಮೇಲೆ ವೈರಿಗಳು: ದೆವ್ವಗಳು, ದುರ್ಗುಣಗಳು, ಸುಳ್ಳು ಬೋಧನೆ, ವಿಗ್ರಹಾರಾಧನೆ, ಜೊತೆಗೆ ಸ್ತ್ರೀಯರ, ಕಮ್ಮಾರರ ಮತ್ತು ಡ್ರೂಯಿಡ್ ಪುರೋಹಿತರ ಮಂತ್ರಗಳು. ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ 1889ರಲ್ಲಿ ಇದನ್ನು ಇಂಗ್ಲಿಷ್ ಸ್ತೋತ್ರಗೀತೆಯಾಗಿಸಿದಾಗ ಸ್ತ್ರೀಯರನ್ನೂ ಕಮ್ಮಾರರನ್ನೂ ಬಿಟ್ಟು ಮಾಟಗಾರನೊಬ್ಬನನ್ನು ಉಳಿಸಿಕೊಂಡರು. ನೆರೆಮನೆಯ ವಿಧವೆಯನ್ನು ಮಾಟಗಾತಿಯೆಂದು ಹೊಡೆಯುವ ಸುದ್ದಿ ಇನ್ನೂ ಬರುತ್ತಿರುವ ನಾಡಿನಲ್ಲಿ ನಿಂತು ನೋಡಿದರೆ, ಆ ಬಿಡುವಿಕೆಯನ್ನು ನಾನು ಆಕ್ಷೇಪಿಸಲಾರೆ. ಆದರೆ ಅನೇಕರು ಆ ಚರಣವನ್ನೇ ಬಿಟ್ಟು ಹಾಡುತ್ತಾರೆ. ಅದು ಬೇರೆಯೇ ಮಾತು.

ಏಕೆಂದರೆ ಈ ಪಟ್ಟಿ ಮುಗಿದ ಮೇಲೆಯೇ ಕ್ರಿಸ್ತನ ಭಾಗ ಬರುತ್ತದೆ. ಅದು ದಿಕ್ಕುಗಳಲ್ಲಿ ನಿಲ್ಲದೆ, ನನ್ನನ್ನು ನೆನೆಯುವ ಪ್ರತಿಯೊಬ್ಬರ ಹೃದಯದಲ್ಲಿ, ನನ್ನ ಕುರಿತು ಆಡುವ ಪ್ರತಿಯೊಬ್ಬರ ಬಾಯಲ್ಲಿ ಕ್ರಿಸ್ತನು ಇರಲೆಂದು ಬೇಡುತ್ತದೆ. ಪ್ರತಿಯೊಬ್ಬರೆಂದ ಮೇಲೆ ಮಂತ್ರ ಹಾಕಿದ ಬಾಯಿ ಹೊರಗುಳಿಯುವುದೆಲ್ಲಿ? ತುಣುಕಾಗಿ ಓದಿದಾಗ ಇದು ಸ್ನೇಹಿತರ ವಲಯದ ಸಾಂತ್ವನ. ಇಡಿಯಾಗಿ ಓದಿದಾಗ ವೈರಿಗಾಗಿ ಮಾಡುವ ಪ್ರಾರ್ಥನೆ. ಮಾಟಕ್ಕೆ ಪ್ರತಿಮಾಟವನ್ನು ಕವಿ ಕೇಳಿಲ್ಲ, ಮಂತ್ರ ಹಾಕಿದವರ ನಾಶವನ್ನೂ ಕೋರಿಲ್ಲ.

ಸಭಾಪಾಲಕರಿಗೆ ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ಯಾರೋ ಮಾಟ ಮಾಡಿಸಿದ್ದಾರೆಂದು ಹೆದರಿ ಬರುವ ವಿಶ್ವಾಸಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು: ಹೆದರಿಕೆಯನ್ನು ಮೂಢನಂಬಿಕೆಯೆಂದು ತಳ್ಳುವುದು, ಇಲ್ಲವೆ ಮಾಡಿಸಿದವರು ಯಾರೆಂದು ಹುಡುಕಲು ಹೊರಡುವುದು. ಮೊದಲನೆಯದು ಅವನನ್ನು ಒಂಟಿಯಾಗಿಸುತ್ತದೆ, ಎರಡನೆಯದು ನೆರೆಯವರನ್ನು ಬಲಿಗೊಡುತ್ತದೆ. ಕವಚವು ಭಯವನ್ನು ಹೆಸರಿಟ್ಟು ಹೇಳುತ್ತದೆ, ಆದರೆ ಯಾವ ವ್ಯಕ್ತಿಯ ಹೆಸರನ್ನೂ ಹೇಳುವುದಿಲ್ಲ.

ಇದನ್ನು ಕನ್ನಡ ಆರಾಧನೆಗೆ ಅಳವಡಿಸುವವರು ಸ್ತ್ರೀಯರ ಉಲ್ಲೇಖದಲ್ಲಿ ಅಲೆಕ್ಸಾಂಡರರನ್ನು ಅನುಸರಿಸಲಿ. ಪಟ್ಟಿಯನ್ನು ಮಾತ್ರ ಅದು ಇರುವಲ್ಲಿಯೇ, ಕ್ರಿಸ್ತನ ಭಾಗಕ್ಕೆ ಮೊದಲು, ಉಳಿಸಿಕೊಳ್ಳಲಿ.